ಅಕ್ಕನಿಗೆ ಹಾಕಿಕೊಟ್ಟ ಮೊಲದಾಟ

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ನಾನು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟು ದೊಡ್ಡದು. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಮೊಬೈಲಿನ ವಿಷಯ ಬಂದಾಗ ಕಾಲೇಜು ಓದಿದವರೂ ನನ್ನನ್ನೇ ಕೇಳುತ್ತಾರೆ. ಯಾರಿಗೆ ಯಾವ ಆಟ ಹಾಕಿಕೊಡಬೇಕು ಎಂಬುದು ಮುಖ ನೋಡಿದರೆ ನನಗೆ ತಿಳಿಯುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಆ ಜಂಬ ಇಳಿಸಿದವಳು ನನ್ನ ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಸವಕಲ್ಯಾಣದಲ್ಲಿ ಅವಳ ಮನೆ. ಹೋದ ವರ್ಷ ಅವಳ ಮೊಣಕಾಲಿನ ಆಪರೇಷನ್ ಆಯಿತು. ಮೂರು ತಿಂಗಳು ಕಾಲು ಚಾಚಿಕೊಂಡು ಕೂತಿರಬೇಕು ಎಂದು ಡಾಕ್ಟರು ಹೇಳಿದರು. ಹುಟ್ಟಿದಾಗಿನಿಂದ ಒಂದು ಕಡೆ ಕೂತವಳಲ್ಲ ಅಕ್ಕ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಒಲೆ ನೋಡಿ ಬರುವವಳು. ನಾಲ್ಕನೆಯ ದಿನಕ್ಕೇ ನನಗೆ ಫೋನ್ ಬಂತು.

“ತಮ್ಮಾ, ನನಗೊಂದು ಆಟ ಹಾಕ್ಕೊಡು. ಗ್ವಾಡಿ ನೋಡಿ ನೋಡಿ ಸಾಕಾತು.”

ಒಬ್ಬ ತಮ್ಮನಾದವನು ಆಗ ಹೋಗಿ ಅವಳ ಬಳಿ ನಾಲ್ಕು ದಿನ ಇರಬೇಕಿತ್ತು. ಹುಮನಾಬಾದಿನಿಂದ ಬಸವಕಲ್ಯಾಣವೇನು ದೂರದ ದೇಶವಲ್ಲ. ನಾನು ಒಂದು ಮಧ್ಯಾಹ್ನ ಹೋದೆ. ನಾನು ಕೂರಬೇಕಾದ ಜಾಗದಲ್ಲಿ ಒಂದು ಆಟವನ್ನು ಕೂರಿಸಿ ಬಂದೆ.

ಓಡುತ್ತ ಜಿಗಿಯುತ್ತ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರುತ್ತ ಹೋಗುವ ಆಟಗಳೆಂದರೆ ನನಗೆ ಪ್ರೀತಿ. ಕಾಲು ಚಾಚಿ ಕೂತವಳಿಗೆ ಅದೇ ಸರಿ, ಬೆರಳಾದರೂ ಓಡಲಿ ಎಂದುಕೊಂಡೆ. ಮೊದಲು ಹಾಕಿದ್ದು ಅಂಗಡಿಯಲ್ಲಿ ಎಲ್ಲರೂ ಕೇಳುವ ಆಟ. ಅದರಲ್ಲಿ ಒಬ್ಬ ಮನುಷ್ಯ ನಿಲ್ಲದೆ ಓಡುತ್ತಾನೆ, ನಾವು ಅವನನ್ನು ಹಾರಿಸಬೇಕು, ಅಷ್ಟೆ.

“ಇಂವಾ ಯಾಕ ಓಡಾಕತ್ತಾನ?” ಎಂದಳು ಅಕ್ಕ.

“ಆಟಾನೇ ಹಂಗ ಅದ ಅಕ್ಕಾ.”

“ಬೆನ್ನಿಗೆ ಯಾರ ಬಿದ್ದಾರ?”

“ಯಾರೂ ಬಿದ್ದಿಲ್ಲ.”

“ಯಾರೂ ಬೀಳಲಾರದೇ ಓಡ್ತಾನಂದ್ರ ನಿನ್ನಂಗೇ ಆದ. ನೀನೂ ಮನಿಗಿ ಬಂದು ಕೂಡೂದರಾಗ ಬಸ್ ಬಂತು, ಬಸ್ ಬಂತು ಅಂತಿ. ತೆಗಿ ಇದನ್ನ.”

ತೆಗೆದೆ. ಎರಡನೆಯ ಆಟದಲ್ಲಿ ಹಸಿರು ಲಂಗದ ಹುಡುಗಿ ನಿಧಾನವಾಗಿ ನಡೆಯುತ್ತಾಳೆ. ದಾರಿಯಲ್ಲಿ ಬಸವನಹುಳು ಸಿಗುತ್ತವೆ. ಅವುಗಳ ತಲೆ ಮೇಲೆ ಜಿಗಿದರೆ ದಾರಿ ತೆರವಾಗುತ್ತದೆ. ಅಕ್ಕ ಜಿಗಿಸಿದಳು. ಹುಳು ಚಪ್ಪಟೆಯಾಯಿತು. ಅಕ್ಕ ತಟ್ಟನೆ ಪರದೆಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುವುದು ನಮ್ಮ ಮನೆಯ ರೂಢಿ. ಮನುಷ್ಯರಿಗೂ ಹಾಗೆ, ಪುಸ್ತಕಕ್ಕೂ ಹಾಗೆ, ಮೊರಕ್ಕೂ ಹಾಗೆ. ಆದರೆ ಪರದೆ ಮುಟ್ಟಿದರೆ ಆಟದ ಲೆಕ್ಕದಲ್ಲಿ ಅದು ಇನ್ನೊಂದು ಜಿಗಿತ. ಹುಡುಗಿ ಹಾರಿ ತಗ್ಗಿಗೆ ಬಿದ್ದಳು. ಮತ್ತೆ ಶುರು ಮಾಡಿದಳು. ಮತ್ತೆ ಹುಳು, ಮತ್ತೆ ನಮಸ್ಕಾರ, ಮತ್ತೆ ತಗ್ಗು.

“ನಾ ಮುಟ್ಟಿ ಮುಗದ್ರ ಇಕಿ ತಗ್ಗಿಗಿ ಬೀಳ್ತಾಳಲ್ಲೋ.”

“ಮುಗೀಬ್ಯಾಡ ಅಕ್ಕಾ. ಅದೇನು ಖರೇ ಹುಳ ಅಲ್ಲ.”

“ಹುಳ ಖರೇ ಇರಲಿಕ್ಕಿಲ್ಲ. ಕೈ ನಂದು ಖರೇದೇ ಅದಲ್ಲ.”

ಮೂಲೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅವಳ ಗಂಡ, ನನ್ನ ಮಾಮ, ಆಗ ಬಾಯಿ ಬಿಟ್ಟರು. “ಇಪ್ಪತ್ತೈದು ವರ್ಷದಾಗ ನನಗ ಎಷ್ಟು ಸರ್ತಿ ಕಾಲು ತಾಗ್ಯಾದ. ಒಂದು ಸರ್ತೀನೂ ಇಷ್ಟು ಭಕ್ತಿಲೆ ಮುಗದಿಲ್ಲ ನೋಡಪಾ ನಿಮ್ಮಕ್ಕ.”

“ನೀವು ತಾಗಿದ ಕೂಡ್ಲೆ ಚಪ್ಪಟಿ ಆಗ್ತೀರೇನ್ರಿ?” ಎಂದಳು ಅಕ್ಕ.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂತು. ಅಂಗಡಿಯಲ್ಲಿ ನಡೆಯುವ ಆಟ ಬೇರೆ, ಅಕ್ಕನಿಗೆ ಬೇಕಾದ ಆಟ ಬೇರೆ. ಯಾರನ್ನೂ ತುಳಿಯಬಾರದು. ಗಡಿಯಾರ ಬೆನ್ನಟ್ಟಬಾರದು. ನಡುವೆ ಜಾಹೀರಾತು ಬಂದು ಹೆದರಿಸಬಾರದು. ಹುಡುಕಿ ಹುಡುಕಿ ಒಂದು ಮೊಲದ ಆಟ ಹಾಕಿದೆ. ಮೊಲ ಕಲ್ಲಿನಿಂದ ಕಲ್ಲಿಗೆ ಹಾರಿ ನೇರಳೆಹಣ್ಣು ಆರಿಸುತ್ತದೆ. ನೀರಿಗೆ ಬಿದ್ದರೂ ಸಾಯುವುದಿಲ್ಲ, ಮೈ ಝಾಡಿಸಿಕೊಂಡು ದಂಡೆಗೆ ಬರುತ್ತದೆ. ಬಿಲ ಸೇರಿದರೆ ಒಂದು ಹಂತ ಮುಗಿಯಿತು. ಹಣ್ಣು ಎಷ್ಟೇ ಬಿಟ್ಟರೂ ಬಿಲ ತೆರೆದೇ ಇರುತ್ತದೆ. ಆದರೆ ಪ್ರತಿ ಹಂತದ ಗುರುತಿನ ಪಕ್ಕ ಒಂದು ಪುಟ್ಟ ಬುಟ್ಟಿ ಕಾಣುತ್ತದೆ. ಎಲ್ಲ ಹಣ್ಣು ಆರಿಸಿದ್ದರೆ ಬುಟ್ಟಿ ತುಂಬಿರುತ್ತದೆ, ಬಿಟ್ಟಿದ್ದರೆ ಅರ್ಧ.

ಅಕ್ಕ ಹಂತ ಎನ್ನಲಿಲ್ಲ, ಹೊಲ ಎಂದಳು. ಆ ದಿನದಿಂದ ದಿನವೂ ಮಧ್ಯಾಹ್ನ ಫೋನು.

“ಇವತ್ತು ಎರಡು ಹೊಲ ಆತು. ಮೂವತ್ತನೇದ್ರಾಗ ಕಲ್ಲಿನ ಹಿಂದ ಒಂದು ಹಣ್ಣು ಅಡಗಿ ಕುಂತಿತ್ತು. ಮೂರು ದಿನ ಹುಡುಕಿಸ್ತು ನನಗ.”

ನಾನು ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಗಿರಾಕಿಯ ಮೊಬೈಲಿಗೆ ಗಾಜು ಅಂಟಿಸುತ್ತ, “ಭೇಷ್ ಅಕ್ಕಾ” ಎನ್ನುತ್ತಿದ್ದೆ. ಒಂದು ದಿನ ಅವಳು “ಮೊಲ ಸತ್ತು ಹೋತು” ಎಂದಾಗಲೂ ಭೇಷ್ ಎಂದೆ. ನಾನು ಕೇಳುತ್ತಿದ್ದೇನೋ ಇಲ್ಲವೋ ಎಂದು ಪರೀಕ್ಷೆ ಮಾಡಿದ್ದಳು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಮಾಮ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಹಳ್ಳಿಖೇಡದ ಕಾರ್ಖಾನೆಗೆ ಹೋಗುವಾಗ ಒಂದು ಬೆಳಿಗ್ಗೆ ಅಕ್ಕನ ಫೋನ್ ತಂದುಕೊಟ್ಟರು. “ಮುಟ್ಟಿದ್ರ ಕದಲವಲ್ದಪಾ. ನಿಮ್ಮಕ್ಕ ಅರವತ್ತೆರಡನೇ ಹೊಲದಾಗ ಸಿಕ್ಕೊಂಡಾಳ. ನನ್ನ ಜೀವ ತಿನ್ನಾಕತ್ತಾಳ. ಜಲ್ದಿ ಮಾಡು.”

ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಫೋನಿನಲ್ಲಿರುವುದನ್ನೆಲ್ಲ ಅಳಿಸಬೇಕಾಗಿ ಬಂದರೆ ಮೊದಲು ಕೇಳುತ್ತೇನೆ, “ಫೋಟೋ, ನಂಬರ್, ಏನರೆ ಉಳಸ್ಕೋದು ಅದೇನ್ರಿ?” ಇಲ್ಲ ಎಂದರೆ ಇನ್ನೊಮ್ಮೆ ಕೇಳುತ್ತೇನೆ. ಮುಖವೇ ನೋಡಿರದ ಮಂದಿಗೂ ಎರಡು ಸಲ ಕೇಳಿದ್ದೇನೆ. ಅಕ್ಕನಿಗೆ ಒಂದು ಸಲವೂ ಕೇಳಲಿಲ್ಲ. ಅವಳ ಫೋನಿನಲ್ಲಿ ಏನಿರುತ್ತದೆ ಎಂದುಕೊಂಡೆ. ಫೋಟೋ ತೆಗೆಯಲು ಅವಳಿಗೆ ಬರುವುದಿಲ್ಲ. ಇರುವ ಐದಾರು ನಂಬರು ನನಗೆ ಬಾಯಿಪಾಠ. ಒತ್ತಿಬಿಟ್ಟೆ.

ಫೋನ್ ಹೊಸದರಂತೆ ಎದ್ದು ಕೂತಿತು. ಮೊಲದ ಆಟ ಮತ್ತೆ ಹಾಕಿದೆ. ತೆರೆದರೆ ಮೊಲ ಮೊದಲನೆಯ ಹೊಲದ ಬದುವಿನಲ್ಲಿ, ಖಾಲಿ ಬುಟ್ಟಿ ಇಟ್ಟುಕೊಂಡು ನಿಂತಿತ್ತು. ಎರಡು ತಿಂಗಳ ದುಡಿಮೆ ಅದು. ಅವಳು ನನಗೆ ದಿನವೂ ಹೇಳುತ್ತಿದ್ದುದು, ನಾನು ಕೇಳದೆ ಇದ್ದುದು, ಎಲ್ಲ ಅದರೊಳಗೇ ಇತ್ತು.

ಆಗಲೇ ಮಾಮನ ನಂಬರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಬಹುದಿತ್ತು. ನಾನು ಹೇಳಲಿಲ್ಲ. ಎರಡು ದಿನ ಗಿರಾಕಿಗಳನ್ನು ಹೊರಗೆ ನಿಲ್ಲಿಸಿ ಮೊಲ ಓಡಿಸಿದೆ. ನನ್ನ ಬೆರಳು ಚುರುಕು. ಕಂಡ ಹಣ್ಣು ಆರಿಸಿದೆ, ಕಾಣದ್ದು ಬಿಟ್ಟೆ, ಬಿಲ ಕಂಡ ಕೂಡಲೇ ನುಗ್ಗಿದೆ. ಅರವತ್ತೆರಡಕ್ಕೆ ತಂದು ನಿಲ್ಲಿಸಿ, “ಈಗ ಬರಾಬರ್ ಅದ ಮಾಮಾ” ಎಂದು ಕೊಟ್ಟು ಕಳಿಸಿದೆ.

ಮರುದಿನ ಅಕ್ಕನ ಫೋನು. “ಏನು ಮಾಡಿದ್ಯೋ ಇದಕ್ಕ?”

“ಏನಿಲ್ಲ ಅಕ್ಕಾ. ಜರಾ ಸಾಫ್ ಮಾಡ್ದೆ.”

“ಸಾಫ್ ಮಾಡ್ದಿ.” ಎಂದಳು ಅಕ್ಕ. “ಹೌದು, ಸಾಫ್ ಆಗ್ಯಾದ.”

ನಾನು ಪಾರಾದೆ ಎಂದುಕೊಂಡೆ. ಆದರೆ ಆಮೇಲೆ ಮಧ್ಯಾಹ್ನದ ಫೋನು ನಿಂತುಹೋಯಿತು. ಅದು ನಿಂತಿದೆ ಎಂದು ನನಗೆ ಗೊತ್ತಾಗಲು ಹತ್ತು ದಿನ ಬೇಕಾಯಿತು ಎಂಬುದೂ ನಾಚಿಕೆಯ ಮಾತೇ. ಗೊತ್ತಾದ ಮೇಲೆ ಮಾತ್ರ ಮಧ್ಯಾಹ್ನವಾದರೆ ಸಾಕು, ಕೈಯಲ್ಲಿನ ಕೆಲಸ ಬಿಟ್ಟು ಫೋನ್ ಕಡೆ ನೋಡುವಂತಾಯಿತು.

ಆ ಭಾನುವಾರ ಅಂಗಡಿ ಮುಚ್ಚಿ ಬಸವಕಲ್ಯಾಣಕ್ಕೆ ಹೋದೆ. ಅಕ್ಕ ಕಾಲು ಚಾಚಿ ಕೂತು ಮೊಲ ಹಾರಿಸುತ್ತಿದ್ದಳು. ಇಣುಕಿ ನೋಡಿದೆ. ಅರವತ್ತೆರಡಲ್ಲ, ಹದಿನೇಳು.

“ಹಿಂದಕ್ಕ ಯಾಕ ಹೋಗಿದಿ ಅಕ್ಕಾ?”

ಅವಳು ತಲೆ ಎತ್ತಲಿಲ್ಲ. “ಯಾರೋ ದನ ನುಗ್ಗಿದಂಗ ನುಗ್ಗಿ ಹೋಗ್ಯಾರಪಾ ನನ್ನ ಹೊಲದಾಗ. ಎಲ್ಲಾ ಬುಟ್ಟಿ ಅರ್ಧಾ ಅವ. ಹಕ್ಕಲ ಆಯ್ಕೋತ ಬರಾಕತ್ತೇನಿ.”

ಆ ಮಾತು ನನ್ನನ್ನು ಎಲ್ಲಿಗೆ ಒಯ್ದು ನಿಲ್ಲಿಸಿತೆಂದು ಅವಳಿಗೆ ಗೊತ್ತಿತ್ತು. ನಾವು ಘಾಟಬೋರಾಳದಲ್ಲಿ ಬೆಳೆದವರು. ಜೋಳದ ರಾಶಿಯಾದ ಮೇಲೆ ಹೊಲದಲ್ಲಿ ಉಳಿದ ತೆನೆಗಳನ್ನು ಕೂಲಿಯವರ ಮಕ್ಕಳು ಆರಿಸಿಕೊಳ್ಳಬಹುದಿತ್ತು. ಅದೇ ಹಕ್ಕಲು. ಅಕ್ಕ ಒಂದೊಂದು ಸಾಲು ಹಿಡಿದು ಬಗ್ಗಿ ಬರುತ್ತಿದ್ದಳು. ನಾನು ಮುಂದಿನ ಹೊಲದಲ್ಲಿ ಹೆಚ್ಚಿದ್ದೀತು ಎಂದು ಓಡುತ್ತಿದ್ದೆ, ಅಲ್ಲಿಂದ ಇನ್ನೂ ಮುಂದಕ್ಕೆ. ಸಂಜೆಗೆ ಅವಳ ಚೀಲ ತುಂಬಿರುತ್ತಿತ್ತು, ನನ್ನದರಲ್ಲಿ ಹಿಡಿ ತೆನೆ. ಊರು ಹತ್ತಿರ ಬಂದಾಗ ಅವಳು ತನ್ನ ಚೀಲದಿಂದ ನನ್ನ ಚೀಲಕ್ಕೆ ಸುರುವುತ್ತಿದ್ದಳು. ಅವ್ವ ನನ್ನ ಬೆನ್ನು ತಟ್ಟುತ್ತಿದ್ದಳು. ಅಕ್ಕ ನಗುತ್ತ ನಿಂತಿರುತ್ತಿದ್ದಳು. ನಾನು ಒಂದು ದಿನವೂ ಬಾಯಿ ಬಿಡಲಿಲ್ಲ.

“ನಾನೇ ಅಕ್ಕಾ,” ಎಂದೆ. “ಕೇಳಲಾರದೇ ಎಲ್ಲಾ ಅಳಿಸಿಬಿಟ್ಟೆ. ಆಮ್ಯಾಲ ಗೊತ್ತಾಗಬಾರದಂತ ಆಡಿ ಆಡಿ ಅಲ್ಲೀತನಾ ತಂದೆ.”

“ಗೊತ್ತದ.”

“ಯಾವಾಗ ಗೊತ್ತಾತು?”

“ಫೋನ್ ತೆರದ ಕೂಡ್ಲೆ. ಇಷ್ಟು ಗಡಿಬಿಡಿಲೆ ಬಿಟ್ಟು ಓಡಾಂವ ಈ ಜಿಲ್ಲಾದಾಗ ನೀ ಒಬ್ಬಾಂವನೇ.” ಆಗ ತಲೆ ಎತ್ತಿದಳು. “ಅಳಿಸಿದ್ದಕ್ಕ ಸಿಟ್ಟಿಲ್ಲೋ. ಹೋದ್ರ ಮತ್ತ ಆಯ್ಕೋತಿದ್ದೆ, ನನಗೇನು ಬ್ಯಾರೆ ಉದ್ಯೋಗ ಅದ? ಫೋನ್ ಮಾಡಿ ಹೇಳ್ತಿ ಏನೋ ಅಂತ ದಿನಾ ನೋಡಾಕತ್ತಿದ್ದೆ.”

ಅವಳು ಫೋನನ್ನು ನನ್ನ ತೊಡೆಯ ಮೇಲೆ ಇಟ್ಟಳು.

“ತಗೋ. ನೀ ಬಿಟ್ಟಿದ್ದು ನೀನೇ ಆಯ್ಕೋ. ನಾ ಚಾ ಇಡ್ತೀನಿ.”

“ಕಾಲು ಅಕ್ಕಾ…”

“ಡಾಕ್ಟರ್ ಜರಾ ಜರಾ ನಡೀ ಅಂದಾರ. ನಿನಗ ಹ್ಯಾಂಗ ಗೊತ್ತಿರಬೇಕು?”

ಆಡುತ್ತ ಕೂತೆ. ಹದಿನೇಳು ತುಂಬಿತು. ಹದಿನೆಂಟರಲ್ಲಿ ಒಂದು ಹಣ್ಣು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬಿಲ ಎದುರಿಗೇ ತೆರೆದುಕೊಂಡಿತ್ತು. ಬಾಗಿಲಲ್ಲಿ ನಿಂತ ಮಾಮ, “ನಿನ್ನ ಬಸ್ ಹೊಂಟಿತು ನೋಡಪಾ” ಎಂದರು.

“ಹೋಗ್ಲಿ ಬಿಡ್ರಿ,” ಎಂದಳು ಅಕ್ಕ ಒಳಗಿನಿಂದ.

ಗೋಡೆ ಹಿಡಿದು ನಿಧಾನವಾಗಿ ಬಂದು, ಚಹಾದ ಕಪ್ಪು ಇಟ್ಟು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಹಿಂದಕ್ಕ ಬಾ,” ಎಂದಳು. “ಇನ್ನೂ ಜರಾ ಹಿಂದಕ್ಕ. ಆ ಕಲ್ಲಿನ ಬುಡಕ ನೋಡು.”