ಧೂಳಿನ ಮೆಷಿನ್ನಿಗೆ ಊದಿನಕಡ್ಡಿ

ಪಕ್ಕದ ಮನೆಯ ಗೌರಮ್ಮನವರ ಕೆಮ್ಮಿಗೆ ಕಾರಣ ಪತ್ತೆಯಾಗಿದೆ. ಪತ್ತೆ ಮಾಡಿದ್ದು ಡಾಕ್ಟರಲ್ಲ, ಟಿಫಿನ್ ಬಾಕ್ಸಿನಷ್ಟಿರುವ ಒಂದು ಮೆಷಿನ್ನು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ನಮ್ಮ ಬೀದಿಯ ಬೆನ್ನಿಗೇ, ಕಲ್ಲು ಪುಡಿ ಮಾಡುವ ಶೆಡ್ಡೊಂದಿದೆ. ಅದು ಬಂದಾಗಿನಿಂದ ನಮ್ಮ ಹಿತ್ತಲ ಕರಿಬೇವು ಬೂದು ಬಣ್ಣ. ಎಲೆಯನ್ನೇನೋ ತೊಳೆದು ಒಗ್ಗರಣೆಗೆ ಹಾಕಬಹುದು. ಗೌರಮ್ಮನವರ ಎದೆಯನ್ನು? ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬಿಟ್ಟು ಕೂತೇ ಇರುತ್ತಾರೆ. ಶೆಡ್ಡನ್ನು ಮುಚ್ಚಿಸಿ ಎಂದು ಮಾಲಿನ್ಯ ನಿಯಂತ್ರಣದ ಆಫೀಸಿಗೆ ಅರ್ಜಿ ಕೊಟ್ಟೆವು. ಧೂಳು ಅಳೆಯದೆ ಆಗಲ್ಲ ಎಂದರು. ಕಳೆದ ವಾರ ಅಳೆಯಲು ಬಂದರು.

ಆಫೀಸರು ಮರ್ಯಾದಸ್ಥರು. "ಇದರೊಳಗೆ ಬೆಳಕಿನ ಕಿರಣ ಇದೆ ಮೇಡಂ. ಕಣ ಅಡ್ಡ ಬಂದ್ರೆ ಬೆಳಕು ಚದುರುತ್ತೆ. ಹೇಗೆ ಚದುರಿತು ಅಂತ ನೋಡಿ ಸೈಜ್ ಹೇಳುತ್ತೆ. ಕಣ್ಣಿಗೆ ಕಾಣದ್ದೂ ಸಿಕ್ಕಿಬೀಳುತ್ತೆ" ಎಂದರು. (ಕಾನ್ವೆಂಟಿನಲ್ಲಿ ಸಿಸ್ಟರ್ ಡಸ್ಟರ್ ಕೊಡವಿ, ಟಾರ್ಚ್ ಬಿಟ್ಟು ತೋರಿಸಿದ್ದು ಇದನ್ನೇ. ನಾವು ಸೀನುತ್ತಾ ಕಲಿತೆವು.)

ಆದರೆ ಆಫೀಸರು ಬರುತ್ತಾರೆಂದರೆ ನಮ್ಮವರು ಸುಮ್ಮನಿರುತ್ತಾರೆಯೇ? ಗೌರಮ್ಮ ಏದುಸಿರು ಬಿಡುತ್ತಲೇ ಮನೆ ಮುಂದೆಲ್ಲ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. "ಧೂಳು ಹಾಗೇ ಇರ್ಲಿ ಬಿಡಿ, ಅವರು ನೋಡ್ಲಿ" ಎಂದಿದ್ದೆ.

"ಸುಮ್ಕಿರವ್ವ. ಮನೆ ಹಿಂಗಿದ್ರೆ ಸಾಯೇಬ್ರು ಏನಂದ್ಕಂಡಾರು?"

ಶೆಡ್ಡಿಗೂ ಅವತ್ತೇ 'ರಿಪೇರಿ'. ಹೊರಗೆ ಮೆಷಿನ್ನಿಗೆ ಏನೂ ಸಿಗಲಿಲ್ಲ.

ಗೌರಮ್ಮನವರ ಮನೆಯೊಳಗೆ ತಂದು ಮೇಜಿನ ಮೇಲಿಟ್ಟರು. ಯಂತ್ರವೊಂದು ಮನೆಗೆ ಬಂದರೆ ಹಾಗೇ ಬಿಡುವುದುಂಟೇ? ನಾನು ಕಾಫಿ ತರುವಷ್ಟರಲ್ಲಿ ಗೌರಮ್ಮ ಅದಕ್ಕೆ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗುತ್ತಿದ್ದರು. "ನಮ್ ಕಷ್ಟ ನೀನೇ ನೋಡಪ್ಪ" ಎಂದು ಕೈ ಬೇರೆ ಮುಗಿದರು.

ಅದು ನೋಡಿತು. ಅಂಕಿ ದಡದಡನೆ ಏರಿತು.

"ಹೊರಗೆ ಗಾಳಿ ಕ್ಲೀನ್. ಸಣ್ಣ ಕಣ ಇರೋದೆಲ್ಲ ನಿಮ್ಮ ಮನೆ ಒಳಗೇ" ಎಂದು ಆಫೀಸರು ಬರೆದುಕೊಂಡರು. ಹೊಗೆ ಈಗಷ್ಟೇ ಎದ್ದದ್ದು ಎಂದೆ.

"ಮೆಷಿನ್ ಸುಳ್ಳು ಹೇಳಲ್ಲ ಮೇಡಂ."

ನಿಜ. ಅದಕ್ಕೆ ಕಣದ ಸೈಜು ಗೊತ್ತು, ಕಣದ ಅಪ್ಪ ಯಾರೆಂದು ಗೊತ್ತಿಲ್ಲ. ಅಪ್ಪನನ್ನು ಹುಡುಕಬೇಕಾದದ್ದು ಬೆಳಕೋ, ಸಂಬಳ ತೆಗೆದುಕೊಳ್ಳುವವರೋ?

ಜೀಪು ತಿರುವು ದಾಟುವ ಹೊತ್ತಿಗೆ ಶೆಡ್ಡು ಮತ್ತೆ ಗುಡುಗತೊಡಗಿತು. ಊದಿನಕಡ್ಡಿ ಹಚ್ಚುವುದನ್ನು ನಿಲ್ಲಿಸಬೇಕಂತೆ ಎಂದು ಗೌರಮ್ಮನವರಿಗೆ ತಿಳಿಸಿದೆ. ಸೆರಗು ಬಾಯಿಗಿಟ್ಟು ಕೆಮ್ಮಿ, ಸುಧಾರಿಸಿಕೊಂಡು ಕೇಳಿದರು:

"ಆಗ್ಲಿ ಕಣವ್ವ. ನಾ ಕಡ್ಡಿ ಹಚ್ಚೋದ್ ಬುಟ್ರೆ, ಆವಯ್ಯ ಕಲ್ಲು ಪುಡಿ ಮಾಡೋದ್ ಬುಡ್ತಾನಾ?"