ಬಲಕ್ಕ ನೋಡು ಎಂದ ದನಿ

ಸತ್ತವರು ತಮ್ಮನ್ನು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿರಲಿಲ್ಲ, ಒಳಗೊಳಗೇ ಕನಿಕರಪಡುತ್ತಿದ್ದೆ. ದುಃಖದಲ್ಲಿರುವವರ ಕಿವಿಗೆ ಏನೇನೋ ಕೇಳಿಸುತ್ತದೆ ಎಂದುಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಸಂಜೆಯಿಂದೀಚೆಗೆ ಹಾಗೆ ಕನಿಕರಪಡುವ ಧೈರ್ಯ ನನಗಿಲ್ಲ.

ಆಗ ಬಳ್ಳಾರಿಯ ಪಾರ್ವತಿನಗರದಲ್ಲಿ ನಾನೂ ಗೆಳೆಯ ವೀರೇಶನೂ ಸೇರಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆವು. ಮದುವೆ, ನಾಮಕರಣಗಳು ನನ್ನ ಪಾಲು. ವೀರೇಶನಿಗೆ ವಿಮಾನದ ಹುಚ್ಚು. ಊರೂರಿಗೆ ಹೋಗಿ ಆಕಾಶದಲ್ಲಿ ಕಸರತ್ತು ತೋರಿಸುವ ಮೂರು ಪುಟ್ಟ ವಿಮಾನಗಳ ತಂಡವೊಂದಿತ್ತು. ಅವರ ಪ್ರದರ್ಶನದ ಪೋಸ್ಟರುಗಳಿಗೆ ಬೇಕಾದ ಚಿತ್ರಗಳನ್ನು ಅವನು ಮುಂದಿನ ವಿಮಾನದ ಹಿಂದಿನ ಸೀಟಿನಲ್ಲಿ ಕೂತು ತೆಗೆಯುತ್ತಿದ್ದ. ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರಿದರೆ ಮಾತ್ರ ಚಿತ್ರ ಚೆನ್ನಾಗಿ ಬರುತ್ತದೆ. ಹಾಗೆ ಹಾರುವಾಗ ಒಬ್ಬರ ಕಣ್ಣು ತಪ್ಪಿದರೂ ಎಲ್ಲರ ಕತೆ ಮುಗಿದಂತೆ.

"ಯಾಕಲೇ ಬೇಕು ನಿನಗ ಇದು?" ಎಂದು ಕೇಳಿದ್ದೆ.

"ಮ್ಯಾಲ ಹೋದಾಗ ಪಕ್ಕದ ವಿಮಾನ ಅಲ್ಲಾಡೂದೇ ಇಲ್ಲಲೇ. ನಾವು ನಿಂತಂಗ, ಭೂಮಿ ಒಂದ ತಿರುಗಿದಂಗ. ಒಮ್ಮಿ ಬಂದು ನೋಡು."

ನಾನು ಹೋಗಲಿಲ್ಲ. ಅವನನ್ನು ಕೊಂಡೊಯ್ದದ್ದು ವಿಮಾನವಲ್ಲ, ಕಾಮಾಲೆ. ತನ್ನೂರಾದ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ, ತಾಯಿಯ ಮಗ್ಗುಲಲ್ಲೇ ತೀರಿಕೊಂಡ.

ಮರುವರ್ಷ ಆ ತಂಡ ಬಳ್ಳಾರಿಗೇ ಬಂತು. ಫೋಟೋ ತೆಗೆಯಲು ಜನ ಬೇಕೆಂದಾಗ ನಾನು ಒಪ್ಪಿಕೊಂಡೆ. ಅವನು ನೋಡಿದ್ದನ್ನು ಒಮ್ಮೆಯಾದರೂ ನೋಡಬೇಕೆನಿಸಿತ್ತು.

ನಮ್ಮ ಪೈಲಟ್ ಪಂಜಾಬಿನವರು. ಕನ್ನಡದ ಒಂದಕ್ಷರವೂ ಬಾರದು. ಎಂಜಿನ್ನಿನ ಸದ್ದಿನಲ್ಲೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲೆಂದು ನಮ್ಮಿಬ್ಬರ ಕಿವಿಗೂ ಹೆಡ್‌ಫೋನು ಕಟ್ಟಿದ್ದರು. ಸಿರುಗುಪ್ಪದ ಕಡೆ ಹಾರಿದೆವು. ಮೂರೂ ವಿಮಾನಗಳು ಒಟ್ಟಿಗೆ ಮೇಲೇರಿ ಮಗುಚಿದಾಗ ಕಾಲುವೆ, ಭತ್ತದ ಗದ್ದೆ ಎಲ್ಲವೂ ತಲೆಯ ಮೇಲೆ ಬಂದವು. ಕ್ಯಾಮೆರಾ ಮೊದಲು ಮೂಟೆಯಂತೆ ಭಾರವಾಗಿ, ಆಮೇಲೆ ತೂಕವೇ ಇಲ್ಲದಂತಾಯಿತು. ವೀರೇಶ ಹೇಳಿದ್ದು ನಿಜ. ಪಕ್ಕದ ವಿಮಾನ ಅಲ್ಲಾಡಲೇ ಇಲ್ಲ. ಇಳಿದ ಕೂಡಲೇ ಅವನಿಗೆ ಹೇಳಬೇಕು ಎಂದುಕೊಂಡೆ. ಅವನಿಲ್ಲವೆಂಬುದು ಆಮೇಲೆ ನೆನಪಾಯಿತು.

ಮತ್ತೆ ನೇರವಾಗಿ ಹಾರತೊಡಗಿದಾಗ ನಾನು ಎಡಗಡೆಯ ವಿಮಾನದತ್ತ ಕ್ಯಾಮೆರಾ ಹಿಡಿದಿದ್ದೆ. ಅದರ ಹಿಂದೆ ದೂರದಲ್ಲಿ ಕುರುಗೋಡಿನ ಬೆಟ್ಟ, ಇಳಿಯುತ್ತಿದ್ದ ಸೂರ್ಯ. ಆಗ ಕಿವಿಯಲ್ಲಿ ವೀರೇಶ ಸ್ಪಷ್ಟವಾಗಿ ಹೇಳಿದ:

"ಬಲಕ್ಕ ನೋಡಲೇ."

ತಿರುಗಿದೆ. ಬಲಗಡೆಯ ವಿಮಾನ ನಮ್ಮ ಮೇಲೆಯೇ ಸರಿದು ಬರುತ್ತಿತ್ತು. ಅದರ ಪೈಲಟ್‌ನ ಕಣ್ಣಿಗೆ ಬಿಸಿಲು ಹೊಡೆದಿತ್ತೆಂದು ಆಮೇಲೆ ತಿಳಿಯಿತು. ನಾನು ಕೂಗಿದೆ. ನಮ್ಮ ಪೈಲಟ್ ತಿರುಗಿ ನೋಡಿ ಸರಕ್ಕನೆ ವಿಮಾನವನ್ನು ಕೆಳಗಿಳಿಸಿದರು. ಬಲಗಡೆಯ ವಿಮಾನದ ಚಕ್ರಗಳು ನಮ್ಮ ತಲೆಯ ಮೇಲೆ ಹಾದುಹೋದವು.

ನೆಲಕ್ಕಿಳಿದು ಚಕ್ರದ ಪಕ್ಕದಲ್ಲೇ ಕೂತುಬಿಟ್ಟೆ. ಪೈಲಟ್ ನೀರು ತಂದುಕೊಟ್ಟು ಹಿಂದಿಯಲ್ಲಿ ಕೇಳಿದರು: "ಕೂಗುವುದಕ್ಕೆ ಮುಂಚೆ ನಿಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದಿರಲ್ಲ, ಏನದು?"

ನಾನು ಏನೂ ಅಂದಿರಲಿಲ್ಲ. ನನಗರಿವಿಲ್ಲದೆ ನಾನೇ ಅಂದಿರಬಹುದೇ? ಆದರೆ ಬಲಕ್ಕೆ ನೋಡದಿದ್ದ ನನಗೆ ಆ ವಿಮಾನ ಬರುತ್ತಿರುವುದು ಹೇಗೆ ಗೊತ್ತಾಗಬೇಕು?

ಹಚ್ಚೊಳ್ಳಿಗೆ ಹೋಗಿ ವೀರೇಶನ ತಾಯಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಂದೇ ಮಾತು ಕೇಳಿದರು: "ದನಿ ಹೆಂಗಿತ್ತಪ್ಪಾ? ಹಾಸಿಗಿ ಹಿಡಿದಾಗಿನ ದನಿನೋ, ಮೊದಲಿನ ದನಿನೋ?"

"ಮೊದಲಿನ ದನಿನೇ, ಯವ್ವಾ."

"ಹಂಗಾದ್ರ ಆರಾಮ ಅದಾನ," ಎಂದು ಒಲೆಯ ಕಡೆ ತಿರುಗಿದರು. ಬಹಳ ಹೊತ್ತು ಈ ಕಡೆ ಮುಖ ಮಾಡಲಿಲ್ಲ.

ಆಮೇಲೆಯೂ ಕೆಲವು ವರ್ಷ, ಆ ತಂಡ ಕರೆದಾಗಲೆಲ್ಲ ಹೋದೆ. ಮನೆಯಲ್ಲಿ ಬೈದರು. ಚಿತ್ರಗಳಿಗಾಗಿ ಹೋಗುತ್ತೇನೆಂದು ಹೇಳುತ್ತಿದ್ದೆ. ಅಂದು ಮಾತಾಡಿದವರು ಯಾರೆಂದು ನನಗೆ ಇವತ್ತಿಗೂ ತಿಳಿಯದು. ಗೊತ್ತಿರುವುದು ಇಷ್ಟೇ: ಪ್ರತಿ ಸಲವೂ ಹೆಡ್‌ಫೋನನ್ನು ಕಿವಿಗೆ ಬಿಗಿಯಾಗಿ ಒತ್ತಿಕೊಂಡು, ಬೇಕೆಂದೇ ಎಡಕ್ಕೆ ನೋಡುತ್ತ ಕೂರುತ್ತಿದ್ದೆ.