ಬೊಂಗಳ ಕಾಲ್ಗುಣ

ತೋವಾ ಸೈಗಾನಿಗೆ ಬಂದಿಳಿದಾಗ ಒಂದು ಕೈಯಲ್ಲಿ ಐದು ವರ್ಷದ ಮಗಳು ಬೊಂಗ್, ಇನ್ನೊಂದರಲ್ಲಿ ಬಟ್ಟೆಯ ಚೀಲ. ಕ್ವಾಂಗ್ ಙಾಯ್ ಕರಾವಳಿಯ ಹಳ್ಳಿಯಲ್ಲಿ ಅವಳದೇ ಹೊಲಿಗೆ ಅಂಗಡಿಯಿತ್ತು. ಮದುಮಗಳ ಕೆಂಪು ನಿಲುವಂಗಿ, ಆವ್ ಜಾಯ್, ಹೊಲಿಸಲು ಸುತ್ತಲ ಮೂರು ಹಳ್ಳಿಯವರು ಅವಳ ಹತ್ತಿರವೇ ಬರುತ್ತಿದ್ದರು. ಗಂಡನ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ಮೇಲೆ ಒಬ್ಬಳೂ ಬರಲಿಲ್ಲ. ವಿಧವೆಯ ಕೈಯಲ್ಲಿ ಮದುವೆ ಬಟ್ಟೆ ಹೊಲಿಸುವ ಎದೆಗಾರಿಕೆ ಯಾರಿಗಿದೆ? ನಮ್ಮ ಜನವೇ ಹಾಗೆ. ಇವತ್ತು ಪಕ್ಕದಲ್ಲಿ ಕೂತು ಅಳುತ್ತಾರೆ, ನಾಳೆ ಅಳತೆ ಕೊಡಲು ಬೇರೆ ಅಂಗಡಿಗೆ ಹೋಗುತ್ತಾರೆ.

ಸೈಗಾನಿನ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಅವಳಿಗೆ ಕೆಲಸ ಕೊಟ್ಟವಳು ಲಿಯೆನ್. ಅರವತ್ತು ದಾಟಿದ, ಬಾಯಿ ಜೋರಿನ ಹೆಂಗಸು. ಕೆಳಗೆ ಮುಂಭಾಗದಲ್ಲಿ ಹೊಲಿಗೆ ಅಂಗಡಿ, ಅದರ ಹಿಂದೆಯೇ ಲಿಯೆನ್ ಮತ್ತು ಅವಳ ಮಗಳು ವಾನ್, ಅಳಿಯ ಇರುವ ಮನೆ. ಎಲ್ಲರಿಗೂ ಅದೊಂದೇ ಬಾಗಿಲು. ಮೇಲಿನ ತಗಡಿನ ಅಟ್ಟವನ್ನು ತಾಯಿ ಮಗಳಿಗೆ ಬಿಟ್ಟುಕೊಟ್ಟಳು.

“ಊರಲ್ಲಿ ಏನಾಯ್ತು ಅಂತ ನಂಗೆ ಬೇಡ ಕಣಮ್ಮ,” ಅಂದಳು ಲಿಯೆನ್. “ನಾನು ಕೆಲಸಕ್ಕೆ ತಗೊಳ್ಳೋರ ಕೈ ನೋಡ್ತೀನಿ, ಹಣೆಬರಹ ನೋಡಲ್ಲ.”

ಹತ್ತು ತಿಂಗಳು ತೋವಾ ಅಂಚು ಮಡಚಿದಳು, ಗುಂಡಿ ಹಾಕಿದಳು, ಕೊರಳಪಟ್ಟಿ ಕೂರಿಸಿದಳು. ಹೊಸ ವರ್ಷದ ತೆತ್ ಹಬ್ಬ ಹತ್ತಿರ ಬಂದಾಗ ಲಿಯೆನ್ ಕೆಲಸಗಾರರೆಲ್ಲರ ಎದುರು ಹೇಳಿದಳು, “ಹಬ್ಬ ಕಳೀಲಿ, ಕತ್ತರಿಸೋ ಮೇಜು ತೋವಾಳ್ದು.” ಹೊಲಿಯುವವಳು ಸಾಯುವವರೆಗೂ ಹೊಲಿಯುವವಳೇ. ಅಳತೆ ತೆಗೆದು ಬಟ್ಟೆಗೆ ಕತ್ತರಿ ಹಾಕುವವಳನ್ನು ಗಿರಾಕಿಗಳು ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ. ಬೊಂಗಳನ್ನು ಶಾಲೆಗೆ ಸೇರಿಸುವುದು, ಸ್ವಂತ ಕೋಣೆ ಹಿಡಿಯುವುದು, ಎಲ್ಲಕ್ಕೂ ಆ ಮೇಜೇ ದಾರಿಯಾಗಿತ್ತು.

ವರ್ಷದ ಮೊದಲ ಬೆಳಿಗ್ಗೆ ಹೊರಗಿನಿಂದ ಮನೆಯೊಳಗೆ ಯಾರು ಮೊದಲು ಕಾಲಿಡುತ್ತಾರೋ ಅವರ ಕಾಲ್ಗುಣವೇ ಆ ಮನೆಗೆ ವರ್ಷವಿಡೀ. ಹಾಗಾಗಿ ಲಿಯೆನ್ ಪಕ್ಕದ ಗಲ್ಲಿಯ ಮೀನಿನ ಸಾರದ ವ್ಯಾಪಾರಿ ಲೊಕ್‌ಗೆ ಮೊದಲೇ ಹೇಳಿಟ್ಟಿದ್ದಳು. ಅವನು ಹುಟ್ಟಿದ ವರ್ಷ ಹೊಸ ವರ್ಷಕ್ಕೆ ಕೂಡಿಬರುತ್ತಿತ್ತು, ಮನೆ ತುಂಬ ಮೊಮ್ಮಕ್ಕಳಿದ್ದ ಮನುಷ್ಯ. ಈ ಸಲವಂತೂ ವಾನ್‌ಗೆ ಮೂರು ತಿಂಗಳ ಬಸಿರು. ಸೂತಕದವರು ಮಾತ್ರ ಆ ದಿನ ಯಾರ ಹೊಸ್ತಿಲನ್ನೂ ತುಳಿಯಬಾರದು. ತಾಯಿ ಮಗಳಿಬ್ಬರ ಅಂಗಿಯ ಮೇಲೂ ವರ್ಷಗಟ್ಟಲೆ ನಡೆಯುವ ಸೂತಕದ ಕಪ್ಪು ಬಟ್ಟೆಚೂರು ಇನ್ನೂ ಇತ್ತು.

“ಲೊಕ್ ತಾತ ಬರೋವರೆಗೂ ಹೊರಗೆ ಹೋಗಬಾರ್ದು, ತಿಳೀತಾ?” ಎಂದು ತೋವಾ ಮಗಳಿಗೆ ನೂರು ಸಲ ಹೇಳಿದ್ದಳು. ಹೋದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಬೆಳಿಗ್ಗೆ ಲಿಯೆನ್ ಬಾಗಿಲು ತೆರೆದಿಟ್ಟು, ಹಿರಿಯರ ಪೀಠದ ಮುಂದೆ ಅಗರಬತ್ತಿ ಹಚ್ಚುತ್ತ ನಿಂತಿದ್ದಳು. ಬೊಂಗ್ ಬಚ್ಚಲಿಗೆಂದು ಕೆಳಗಿಳಿದಳು. ಗಲ್ಲಿಯ ತುದಿಯಲ್ಲಿ ಸಿಂಹದ ಕುಣಿತದ ಡೋಲು ಕೇಳಿತು, ಮಗು ಓಡಿತು. ಹಿಂದೆಯೇ ಏಣಿ ಇಳಿದ ತೋವಾಳಿಗೆ ಕಂಡದ್ದು ಗಲ್ಲಿಯ ನಡುವೆ ನಿಂತ ಮಗಳು ಮತ್ತು ಅತ್ತಲಿಂದ ನುಗ್ಗಿ ಬರುತ್ತಿದ್ದ ಬೈಕು. ಅವಳು ಕೈಬೀಸಿ ಕರೆದಳು. ಬೊಂಗ್ ಒಂದೇ ಓಟಕ್ಕೆ ಒಳಗೆ ಬಂದು ಅವಳ ಕಾಲು ತಬ್ಬಿಕೊಂಡಳು.

ಅಲ್ಲೇ ಗೋಡೆಗೆ ಒತ್ತಿ ನಿಲ್ಲು ಅಂದಿದ್ದರೆ ಆಗುತ್ತಿತ್ತು. ಆದರೆ ಯಾವ ತಾಯಿ ಆ ಹೊತ್ತಿನಲ್ಲಿ ಪಂಚಾಂಗ ನೋಡುತ್ತಾಳೆ? ಲಿಯೆನ್ ಪೀಠದಿಂದ ಈ ಕಡೆ ತಿರುಗುವಷ್ಟರಲ್ಲಿ ತೋವಾ ಮಗಳನ್ನು ಎತ್ತಿಕೊಂಡು ಅಟ್ಟ ಸೇರಿದ್ದಳು. ಸ್ವಲ್ಪ ಹೊತ್ತಿಗೆ ಲೊಕ್ ಕಲ್ಲಂಗಡಿ ಹೊತ್ತು ಬಂದ, ಹರಸಿದ, ನಕ್ಕ. ನಡೆದದ್ದನ್ನು ತೋವಾ ಮುಚ್ಚಿಟ್ಟಳು.

ಹಬ್ಬ ಮುಗಿಯಿತು, ಮೇಜು ಅವಳದಾಯಿತು. ಎರಡು ತಿಂಗಳು ಅವಳು ರೇಷ್ಮೆ ಕತ್ತರಿಸಿದಳು. ಬೊಂಗ್ ಶಾಲೆಗೂ ಸೇರಿದಳು. ಆಮೇಲೆ ಒಂದು ಮಧ್ಯಾಹ್ನ ವಾನ್‌ಗೆ ರಕ್ತಸ್ರಾವ ಶುರುವಾಗಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಹೋಗಿಬಿಟ್ಟಿತು.

ಲಿಯೆನ್‌ಗೆ ಅಳುವುದಕ್ಕಿಂತ ಯಾರನ್ನಾದರೂ ಬೈಯುವುದು ಸುಲಭ. ಮಾರನೆಯ ವಾರ ಮಾತಾಡಿಸಲು ಬಂದ ಲೊಕ್‌ನ ಮೇಲೆ ಅಂಗಡಿಯಲ್ಲೇ ಹರಿಹಾಯ್ದಳು. “ಯಾವ ಕೇಡು ಹೊತ್ಕೊಂಡು ಬಂದಿದ್ದೆ ನನ್ ಮನೆಗೆ? ನಿನ್ನ ಕಾಲು ಮುರಿದುಹೋಗ್ಲಿ.”

ಮುದುಕ ಟೋಪಿ ತಿರುವುತ್ತ ನಿಂತ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಬಟ್ಟೆಯ ಚೂರುಗಳನ್ನು ಆಯುತ್ತಿದ್ದ ಬೊಂಗ್ ಎದ್ದು ಲಿಯೆನ್‌ಳ ಅಂಗಿಯಂಚು ಹಿಡಿದಳು.

“ತಾತನ್ನ ಬೈಬೇಡ ಅಜ್ಜಿ. ಅವತ್ತು ಮೊದಲು ಒಳಗೆ ಬಂದಿದ್ದು ತಾತ ಅಲ್ಲ, ನಾನು.”

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಲಿಯೆನ್ ಮಗುವಿನ ಎದೆಯ ಮೇಲಿನ ಕಪ್ಪು ಚೂರನ್ನು ನೋಡಿದಳು, ಆಮೇಲೆ ತೋವಾಳನ್ನು.

“ಏನೇ ಇದು? ನಿಜಾನಾ?”

ತೋವಾಳ ಕೈ ಇನ್ನೂ ಮೇಜಿನ ಮೇಲೆಯೇ ಇತ್ತು. ಹೌದೆಂದರೆ ಸಂಜೆಗೆ ಬೀದಿ. ಮತ್ತೆ ಊರು, ಮತ್ತೆ ಮುಖ ತಿರುಗಿಸುವ ಜನ. ಅವಳು ಎರಡು ಹೆಜ್ಜೆ ಬಂದು ಮಗಳ ಕೆನ್ನೆಗೆ ಬಾರಿಸಿದಳು.

“ಸುಳ್ಳು ಹೇಳ್ತಾಳೆ ಚಿಕ್ಕಮ್ಮ. ಅವತ್ತು ನನ್ನ ಮಗ್ಗುಲಲ್ಲೇ ಮಲಗಿದ್ಲು. ಈಚೀಚೆಗೆ ಬರೀ ಕಥೆ ಕಟ್ಟೋದು ಕಲ್ತಿದಾಳೆ.”

ಲಿಯೆನ್ ನಂಬಿದಳು. “ಹೋಗ್ಲಿ ಬಿಡು, ಮಕ್ಕಳನ್ನ ಹಾಗೆ ಹೊಡೀಬಾರ್ದು,” ಎಂದು ಬೊಂಗಳ ಕೆನ್ನೆ ಸವರಿದಳು ಕೂಡ. ಬೈಗುಳ ಲೊಕ್‌ನ ಪಾಲಿಗೇ ಉಳಿಯಿತು. ಮುದುಕ ತಲೆ ತಗ್ಗಿಸಿ ಹೊರಟುಹೋದ, ಆ ಮನೆಯ ಕಡೆ ಮತ್ತೆ ಬರಲಿಲ್ಲ.

ಸಂಜೆ ಅಟ್ಟದಲ್ಲಿ ಬೊಂಗ್ ಅಳಲಿಲ್ಲ. ಅನ್ನದ ಬಟ್ಟಲು ಮುಂದಿಟ್ಟುಕೊಂಡು ಕೇಳಿದಳು, “ಅಮ್ಮ, ನಾನೇ ತಾನೆ ಮೊದಲು ಬಂದಿದ್ದು?”

“ಹೂಂ. ಆದ್ರೆ ಯಾರಿಗೂ ಹೇಳಬಾರ್ದು.”

“ವಾನ್ ಅಕ್ಕನ ಪಾಪು ನನ್ನಿಂದ ಸತ್ತೋಯ್ತಾ?”

ಇಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ಆದರೆ ತೋವಾಳೂ ಈ ನೆಲದಲ್ಲೇ ಹುಟ್ಟಿ ಬೆಳೆದವಳು. ಆಸ್ಪತ್ರೆಯ ಸುದ್ದಿ ಬಂದ ದಿನದಿಂದ ಅದೇ ಪ್ರಶ್ನೆ ಅವಳ ಮನಸ್ಸಿನಲ್ಲೂ ಕೂತಿತ್ತು. ಅವಳು ಸುಮ್ಮನಾದಳು. ಬಹಳ ಹೊತ್ತೇನಲ್ಲ. ಕೊನೆಗೆ “ಇಲ್ಲಮ್ಮ, ಊಟ ಮಾಡು,” ಅಂದಳು. ಅಷ್ಟರಲ್ಲಿ ಮಗು ಆ ಮೌನದಿಂದಲೇ ಉತ್ತರ ತೆಗೆದುಕೊಂಡಾಗಿತ್ತು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ತೋವಾ ಮದುಮಗಳೊಬ್ಬಳ ಭುಜದ ಅಳತೆ ತೆಗೆಯುತ್ತಿದ್ದಳು. ಆ ಹುಡುಗಿ ಅವಳ ಹೆಸರು ಕೇಳಿಕೊಂಡೇ ದೂರದಿಂದ ಬಂದಿದ್ದಳು. ಹೊರಗೆ ಬೊಂಗ್ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ನೆನೆಯುತ್ತ ನಿಂತಿದ್ದಳು.

ಲಿಯೆನ್ ಬಾಗಿಲಿಗೆ ಹೋದಳು. “ಅಯ್ಯೋ, ಮಳೇಲಿ ಯಾಕೆ ನಿಂತಿದೀಯ ಪುಟ್ಟಿ? ಬಾ ಒಳಗೆ.”

“ಯಾರಾದ್ರೂ ಒಳ್ಳೆಯೋರು ಮೊದಲು ಹೋಗ್ಲಿ ಅಜ್ಜಿ, ಆಮೇಲೆ ಬರ್ತೀನಿ.”

ಲಿಯೆನ್ ನಗುತ್ತ ಒಳಗೆ ತಿರುಗಿದಳು. “ಕೇಳಿದ್ಯಾ ತೋವಾ, ಏನಂತಾಳೆ ನೋಡು ನಿನ್ ಮಗಳು. ಯಾರು ಕಲಿಸಿದ್ರು ಇವಳಿಗೆ ಇದನ್ನ?”

ತೋವಾ ಟೇಪು ಹಿಡಿದು ನಿಂತೇ ಇದ್ದಳು. ಮದುಮಗಳು ಭುಜ ಕದಲಿಸದೆ ಕಾಯುತ್ತಿದ್ದಳು. ಗಲ್ಲಿಯಲ್ಲಿ ಯಾರೂ ಬರುತ್ತಿರಲಿಲ್ಲ.